ಹೊಲದ ಕಾಳುಗಳ ವಂಶವೃಕ್ಷ ನೀವೇ ಬರೆಯುವುದು ಹೇಗೆ

ಮೊದಲು ಒಂದು ಪಟ್ಟಿ ಮಾಡಿ. ಹೊಲ, ಬದು, ಹಿತ್ತಲು, ಊರಿಗೆ ಬರುವ ದಾರಿ, ಎಲ್ಲೆಲ್ಲಿ ಬೇಳೆ ಜಾತಿಯ ಗಿಡ ಕಾಣುತ್ತದೋ ಅದೆಲ್ಲ ಬರಲಿ. ತೊಗರಿ, ಅವರೆ, ಹುರುಳಿ, ಅಲಸಂದೆ, ಹೆಸರು, ಉದ್ದು, ಮಡಕೆ, ಕಡಲೆ, ಶೇಂಗಾ, ಮೆಂತ್ಯ. ಅಲ್ಲಿಗೇ ನಿಲ್ಲಿಸಬೇಡಿ. ಹೊಂಗೆ, ಹುಣಸೆ, ಜಾಲಿ, ಬನ್ನಿ, ತಂಗಡಿ, ಕಕ್ಕೆ, ಗುಲ್‌ಮೊಹರ್, ಮುತ್ತುಗ, ಬಸವನಪಾದ, ಇವೂ ಅದೇ ಮನೆತನ. ಫೇಬೇಸಿ ಅನ್ನುವ ಈ ಕುಟುಂಬದಲ್ಲಿ ಜಗತ್ತಿನಾದ್ಯಂತ ಸುಮಾರು 19,500 ಜಾತಿಗಳಿವೆ. ಹೂ ಬಿಡುವ ಗಿಡಗಳಲ್ಲಿ ಇದಕ್ಕಿಂತ ದೊಡ್ಡ ಕುಟುಂಬ ಎರಡೇ: ಸೀತಾಳೆ ಹೂವಿನದು, ಸೂರ್ಯಕಾಂತಿಯದು.

ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳ ಜೊತೆ ಸೇರಿ ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ಈ ವಂಶವೃಕ್ಷ ಬರೆಯುತ್ತೇನೆ. ಪುಸ್ತಕ ನೋಡಿ ನಕಲು ಮಾಡಿದರೆ ಒಂದು ಪೀರಿಯಡ್ ಸಾಕು. ಗಿಡ ನೋಡಿ ಬರೆಯಲು ಮುಂಗಾರಿನಿಂದ ಮುಂದಿನ ಬೇಸಿಗೆವರೆಗೆ ಬೇಕು, ಯಾಕಂದ್ರೆ ಎಲ್ಲವೂ ಒಟ್ಟಿಗೆ ಹೂ ಬಿಡುವುದಿಲ್ಲ. ಮಕ್ಕಳಿಗೆ ನಿಜವಾಗಿ ದಕ್ಕುವುದು ಈ ಎರಡನೆಯ ದಾರಿಯಿಂದ.

ಬೇಕಾಗುವ ಸಾಮಾನು ಕಡಿಮೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಲೆನ್ಸ್, ಒಂದು ಬ್ಲೇಡು, ಎರಡು ಸೇಫ್ಟಿ ಪಿನ್ನು, ಮರಳು ತುಂಬಿದ ಹಳೆಯ ಟ್ರೇ, ಪೆನ್ಸಿಲ್. ಪೆನ್ನು ಬೇಡ.

ಒಂದು ನಿಯಮ ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದೇ ಸಾಕ್ಷಿ ನಂಬಿ ಸಂಬಂಧ ಬರೆಯಬೇಡಿ. ಹೂವು, ಬೀಜ, ಮೊಳಕೆ, ಬೇರು, ನಾಲ್ಕನ್ನೂ ಕೇಳಿ. ಗಿಡ ದೊಡ್ಡದೋ ಚಿಕ್ಕದೋ, ಬಳ್ಳಿಯೋ ಮರವೋ, ನಾವು ತಿನ್ನುತ್ತೇವೋ ಇಲ್ಲವೋ, ಇವು ಯಾವುವೂ ರಕ್ತಸಂಬಂಧ ಹೇಳುವುದಿಲ್ಲ.

ಮೊದಲು ಕಾಯಿ ನೋಡಿ

ಗಿಡ ಈ ಕುಟುಂಬದ್ದೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಒಂದು ಹಸಿ ಅವರೆಕಾಯಿ ಬಿಡಿಸಿ. ಒಂದೇ ಕೋಣೆ. ಕಾಳುಗಳೆಲ್ಲ ಒಂದೇ ಅಂಚಿಗೆ ಅಂಟಿರುತ್ತವೆ. ಹೊಟ್ಟು ಎರಡು ಹೋಳಾದಾಗ ಒಂದು ಕಾಳು ಈ ಕಡೆಗೆ, ಮುಂದಿನದು ಆ ಕಡೆಗೆ ಹೋಗುತ್ತದೆ. ಈಗ ನುಗ್ಗೆಕಾಯಿ ಅಡ್ಡ ಕೊಯ್ಯಿರಿ. ಅದು ಮೂರು ಭಾಗದ್ದು. ಎಲೆ ಪುಟ್ಟಪುಟ್ಟದಾಗಿ ಜೋಡಿಸಿದಂತಿದೆ, ಕಾಯಿ ಉದ್ದ ಇದೆ ಅಂತ ಮಕ್ಕಳು ಪ್ರತಿ ವರ್ಷ ನುಗ್ಗೆಯನ್ನು ಪಟ್ಟಿಗೆ ಸೇರಿಸುತ್ತಾರೆ. ಕಾಯಿ ಕೊಯ್ದ ಮೇಲೆ ಅವರೇ ತೆಗೆಯುತ್ತಾರೆ. ಹುಣಸೆಕಾಯಿ ಬಿರಿಯುವುದಿಲ್ಲ, ನಿಜ. ಆದರೆ ಅದರಲ್ಲೂ ಬೀಜ ಸಾಲಾಗಿ ಒಂದೇ ಅಂಚಿಗೆ ಇರುತ್ತದೆ. ಹಾಗಾಗಿ ಅದು ಒಳಗೆ.

ಹೂವಿನ ಮೊಗ್ಗು ಬಿಚ್ಚುವುದು

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಅರಳಿದ ಹೂವಿಗಿಂತ ನಾಳೆ ಅರಳಲಿರುವ ಮೊಗ್ಗು ಹೆಚ್ಚು ಹೇಳುತ್ತದೆ.

ಅವರೆಯದೋ ಅಲಸಂದೆಯದೋ ಮೊಗ್ಗು ತಗೊಳ್ಳಿ. ಪಿನ್ನಿನಿಂದ ಹೊರಗಿನ ಎಸಳು ಎತ್ತಿ. ಅತಿ ದೊಡ್ಡ ಎಸಳು ಹೊರಗಿದ್ದು ಉಳಿದವನ್ನೆಲ್ಲ ಮುಚ್ಚಿಕೊಂಡಿರುತ್ತದೆ. ಅದು ಬಾವುಟದ ಎಸಳು. ಒಳಗೆ ಎರಡು ರೆಕ್ಕೆ. ಅದರೊಳಗೆ ದೋಣಿಯ ಹಾಗೆ ಸೇರಿಕೊಂಡ ಎರಡು ಎಸಳು. ದೋಣಿ ಸೀಳಿದರೆ ಹತ್ತು ಕೇಸರ ಸಿಗುತ್ತವೆ. ಒಂಬತ್ತು ಕೂಡಿಕೊಂಡಿವೆ, ಒಂದು ಬೇರೆ ನಿಂತಿದೆ. ತೊಗರಿ, ಹೆಸರು, ಕಡಲೆ, ಎಲ್ಲದರಲ್ಲೂ ಇದೇ ಕಥೆ. ಈ ಗುಂಪಿಗೆ ಪ್ಯಾಪಿಲಿಯೊನಾಯ್ಡೀ ಅನ್ನುತ್ತಾರೆ. ಕುಟುಂಬದ ಸುಮಾರು 14,000 ಜಾತಿಗಳು ಇದರಲ್ಲೇ ಇವೆ. ನಾವು ಬೇಳೆ ಮಾಡಿ ತಿನ್ನುವುದೆಲ್ಲ ಇದೇ ಗುಂಪಿನದು.

ಈಗ ಗುಲ್‌ಮೊಹರ್ ಅಥವಾ ಕಕ್ಕೆಯ ಮೊಗ್ಗು. ಏಪ್ರಿಲ್, ಮೇ ತಿಂಗಳಲ್ಲಿ ರಸ್ತೆಯ ಬದಿಯಲ್ಲೇ ಬೇಕಾದಷ್ಟು ಸಿಗುತ್ತದೆ. ಗುಲ್‌ಮೊಹರ್ ಹೂವಿನಲ್ಲಿ ಒಂದು ಎಸಳಿಗೆ ಮಾತ್ರ ಬಿಳಿ ಹಳದಿ ಬಣ್ಣದ ಚುಕ್ಕೆ ಇರುತ್ತದಲ್ಲ, ಅದು ಬಾವುಟದ ಜಾಗದ್ದೇ. ಆದರೆ ಮೊಗ್ಗಿನಲ್ಲಿ ಅದು ಎಲ್ಲಕ್ಕಿಂತ ಒಳಗಿರುತ್ತದೆ. ಪಕ್ಕದ ಎಸಳುಗಳು ಅದನ್ನು ಮುಚ್ಚಿರುತ್ತವೆ. ಅವರೆಗೆ ಪೂರ್ತಿ ಉಲ್ಟಾ. ಈ ಒಂದು ವ್ಯತ್ಯಾಸ ಕಣ್ಣಿಗೆ ಬಿದ್ದರೆ ಅರ್ಧ ಕೆಲಸ ಮುಗಿದಂತೆ. ತಂಗಡಿ, ಕಕ್ಕೆ, ಗುಲ್‌ಮೊಹರ್ ಇವೆಲ್ಲ ಸಿಸಾಲ್ಪಿನಿಯಾಯ್ಡೀ ಗುಂಪಿನವು.

ಜಾಲಿ ಹೂವು ನೋಡಿದರೆ ಎಸಳೇ ಇಲ್ಲವೇನೋ ಅನ್ನಿಸುತ್ತದೆ. ಹಳದಿ ಚೆಂಡು. ಲೆನ್ಸ್ ಹಿಡಿದರೆ ಆ ಚೆಂಡು ಒಂದು ಹೂವಲ್ಲ, ಹತ್ತಾರು ಹೂವುಗಳ ಗೊಂಚಲು ಅಂತ ತಿಳಿಯುತ್ತದೆ. ಎಸಳು ಚಿಕ್ಕವು, ಮೊಗ್ಗಿನಲ್ಲಿ ಅಂಚಿಗೆ ಅಂಚು ತಾಗಿಸಿಕೊಂಡಿರುತ್ತವೆ, ಒಂದರ ಮೇಲೊಂದು ಬರುವುದಿಲ್ಲ. ಕಣ್ಣಿಗೆ ಕಾಣುವ ಹಳದಿಯೆಲ್ಲ ಕೇಸರದ್ದು. ಮುಟ್ಟಿದರೆ ಮುನಿ, ಸೀಮೆಹುಣಸೆ, ಸುಬಾಬುಲ್, ಬಳ್ಳಾರಿ ಜಾಲಿ, ಮಳೆಮರ ಇದೇ ಬಳಗ.

ಹುಣಸೆ ಹೂವು ಬೇರೆಯೇ. ದೊಡ್ಡ ಎಸಳು ಮೂರೇ. ಉಳಿದೆರಡು ಸಣ್ಣ ಎಳೆಯಷ್ಟಾಗಿ ಉಳಿದಿವೆ. ಒಳ್ಳೆಯ ಕೇಸರವೂ ಮೂರೇ. ಹಳೆಯ ಪುಸ್ತಕಗಳಲ್ಲಿ ಹುಣಸೆಯನ್ನು ತಂಗಡಿ, ಗುಲ್‌ಮೊಹರ್ ಜೊತೆ ಒಂದೇ ಗುಂಪಿಗೆ ಹಾಕಿದ್ದರು. ಈಗ ಹಾಗಿಲ್ಲ.

ಮೂರು ಗುಂಪು ಆರಾದದ್ದು

ನಾನು ಕಾಲೇಜಿನಲ್ಲಿ ಓದುವಾಗ ಮೂರೇ ಉಪಕುಟುಂಬ. ಬಾವುಟದ ಹೂವಿನವು, ಜಾಲಿ ತರದವು, ಉಳಿದವು. ಆ ‘ಉಳಿದವು’ ಅನ್ನುವುದೇ ತೊಂದರೆ. ಬೇರೆ ಎರಡರಲ್ಲಿ ಸೇರದ್ದನ್ನೆಲ್ಲ ಅಲ್ಲಿ ತುಂಬಿದ್ದರು. 2017ರಲ್ಲಿ ಬೇರೆಬೇರೆ ದೇಶದ 97 ಸಂಶೋಧಕರು ಸೇರಿ ‘ಟ್ಯಾಕ್ಸಾನ್’ ಪತ್ರಿಕೆಯಲ್ಲಿ ಹೊಸ ವಿಂಗಡಣೆ ಪ್ರಕಟಿಸಿದರು. ಎಲೆಗೆ ಹಸಿರು ಬಣ್ಣ ಕೊಡುವ ಕಣವಾದ ಕ್ಲೋರೋಪ್ಲಾಸ್ಟ್‌ನಲ್ಲಿರುವ ಮ್ಯಾಟ್‌ಕೆ ಅನ್ನುವ ಒಂದು ಜೀನನ್ನು 3,696 ಜಾತಿಗಳಲ್ಲಿ ಓದಿ ಹೋಲಿಸಿದ್ದರು. ಮೂರು ಹೋಗಿ ಆರು ಉಪಕುಟುಂಬ ಆಯಿತು.

ಬಸವನಪಾದ ಸರ್ಸಿಡಾಯ್ಡೀ ಗುಂಪಿಗೆ ಹೋಯಿತು. ಹುಣಸೆ, ಅಶೋಕ, ಕಮರ ಇವು ಡಿಟೇರಿಯಾಯ್ಡೀ. ಡಯಾಲಿಯಾಯ್ಡೀ ನಮ್ಮ ಬಯಲುಸೀಮೆಯಲ್ಲಿ ಸಿಗುವುದಿಲ್ಲ. ಡುಪಾರ್ಕೆಟಿಯಾಯ್ಡೀಯಲ್ಲಿ ಇರುವುದು ಒಂದೇ ಒಂದು ಜಾತಿ, ಆಫ್ರಿಕಾದ ಪಶ್ಚಿಮ ಮತ್ತು ನಡುಭಾಗದಲ್ಲಿ. ತಂಗಡಿ, ಗುಲ್‌ಮೊಹರ್ ಜೊತೆಗೆ ಜಾಲಿಯ ಇಡೀ ಬಳಗವೂ ಸಿಸಾಲ್ಪಿನಿಯಾಯ್ಡೀ ಒಳಗೆ ಬಂತು. ಆರನೆಯದು ತೊಗರಿ, ಅವರೆಯ ಗುಂಪು.

ಇದರಿಂದ ಹೊರಟ ಒಂದು ಮಾತು ನನಗೆ ಈಗಲೂ ಬೆರಗು. ತಂಗಡಿ ಹುಣಸೆಗಿಂತ ತೊಗರಿಗೆ ಹತ್ತಿರ! ಹುಣಸೆಯ ಕವಲು ಮೊದಲೇ ಬೇರೆಯಾಗಿ ಹೋಗಿದೆ. ತಂಗಡಿಯ ಗುಂಪು, ತೊಗರಿಯ ಗುಂಪು ಆಮೇಲೆ ಬೇರೆಯಾದ ದಾಯಾದಿಗಳು. ಈ ಮುಖ್ಯ ಕವಲುಗಳೆಲ್ಲ ಸುಮಾರು 6.5 ಕೋಟಿ ವರ್ಷದ ಆಸುಪಾಸಿನಲ್ಲಿ, ಸ್ವಲ್ಪ ಕಾಲದಲ್ಲೇ ಒಡೆದವು. ಹಾಗಾಗಿಯೇ ಯಾವುದು ಮೊದಲು, ಯಾವುದು ಆಮೇಲೆ ಅಂತ ಬಿಡಿಸುವುದು ಇಷ್ಟು ಕಷ್ಟವಾಯಿತು.

ಬೀಜ ನೆನೆಹಾಕಿ

ಅವರೆ, ಕಡಲೆ, ತೊಗರಿ, ಶೇಂಗಾ, ಸುಬಾಬುಲ್, ಹುಣಸೆ ಬೀಜ ಬೇರೆಬೇರೆ ಲೋಟದಲ್ಲಿ ರಾತ್ರಿ ನೆನೆಹಾಕಿ. ಹುಣಸೆ, ಸುಬಾಬುಲ್ ಸುಮ್ನೆ ನೆನೆಯುವುದಿಲ್ಲ. ಸಿಪ್ಪೆಯ ಒಂದು ಕಡೆ ಕಲ್ಲಿಗೆ ಉಜ್ಜಿ ಹಾಕಿ.

ಅವರೆಯನ್ನು ಹಿತುಕಿ. ಎರಡು ಬೇಳೆ ಬಿಡಿಸಿದರೆ ಮೊಳಕೆಯ ಮೂತಿ ಬಾಗಿಕೊಂಡು ಬೇಳೆಯ ಅಂಚಿಗೆ ಒತ್ತಿಕೊಂಡಿರುತ್ತದೆ. ಕಡಲೆಯ ಚೂಪು ಮೂಗು ಇದೆಯಲ್ಲ, ಅದೂ ಆ ಮೂತಿಯೇ. ಸುಬಾಬುಲ್‌ನಲ್ಲಿ ಮೂತಿ ನೇರ. ಅದರ ಸಿಪ್ಪೆಯ ಮೇಲೆ ಕುದುರೆ ಲಾಳದ ಆಕಾರದ ಗೆರೆಯೂ ಕಾಣುತ್ತದೆ. ಜಾಲಿ ಬಳಗಕ್ಕೆ ಅದು ಒಳ್ಳೆಯ ಗುರುತು. ಚೌಕಾಬಾರ ಆಡುವ ಹುಣಸೆ ಬೀಜದ ಮೇಲೂ ಗೆರೆ ಇದೆ, ಆದರೆ ಅದು ಲಾಳದ ಹಾಗೆ ಬಾಯಿ ತೆರೆದಿಲ್ಲ, ಪೂರ್ತಿ ಸುತ್ತು.

ಶೇಂಗಾ ಇಲ್ಲಿ ನಿಯಮ ಮುರಿಯುತ್ತದೆ. ಹೂವು ನೋಡಿದರೆ ಅಚ್ಚ ಬಾವುಟದ ಹೂವು. ಮೂತಿ ಮಾತ್ರ ನೇರ. ಅದಕ್ಕೇ ಹೇಳಿದ್ದು, ಒಂದೇ ಸಾಕ್ಷಿ ಸಾಲದು.

ಮೊಳಕೆಯ ಮೊದಲ ಎಲೆ

ಟ್ರೇಯ ಮರಳಿನಲ್ಲಿ ಸಾಲಾಗಿ ಬಿತ್ತಿ. ಹೆಸರು, ಉದ್ದು, ಅಲಸಂದೆ, ಅವರೆ, ಹುರುಳಿ ಬೇಳೆಗಳನ್ನು ಹೊತ್ತುಕೊಂಡು ಮೇಲೆ ಬರುತ್ತವೆ. ತೊಗರಿ, ಕಡಲೆ ಬೇಳೆಯನ್ನು ಮಣ್ಣೊಳಗೇ ಬಿಟ್ಟು ಬರುತ್ತವೆ. ಇದನ್ನು ನೋಡಿ ತೊಗರಿ, ಕಡಲೆ ಒಂದೇ ಅಂತ ಬರೆದುಬಿಡಬೇಡಿ. ಇನ್ನೊಂದೆರಡು ದಿನ ಕಾಯಿರಿ. ತೊಗರಿಗೆ ಮೊದಲು ಬರುವುದು ಎದುರುಬದುರಾದ ಎರಡು ಬಿಡಿ ಎಲೆ. ಹೆಸರು, ಅಲಸಂದೆ, ಅವರೆಗೂ ಹಾಗೇ. ಆಮೇಲೆ ಮೂರು ಎಲೆಯ ಗೊಂಚಲು ಶುರು. ಕಡಲೆಗೆ ಆ ಜೋಡಿ ಎಲೆಯೇ ಇಲ್ಲ. ಮೊದಲಿನಿಂದಲೇ ಹಲ್ಲುಹಲ್ಲಾದ ಪುಟ್ಟ ಎಲೆಗಳ ಸಾಲು.

ಬೆಳೆದ ಗಿಡದಲ್ಲಿ ಇನ್ನೊಂದು ಪರೀಕ್ಷೆ. ತೊಗರಿ ಅಥವಾ ಅವರೆಯ ಮೂರೆಲೆಯಲ್ಲಿ ಒಂದೊಂದು ಎಲೆಯ ಬುಡಕ್ಕೂ ಕೂದಲಷ್ಟು ಸಣ್ಣ ಮುಳ್ಳಿನಂಥದ್ದು ಇರುತ್ತದೆ. ಲೆನ್ಸ್ ಇಲ್ಲದೆ ಕಾಣುವುದು ಕಷ್ಟ. ಮೆಂತ್ಯಕ್ಕೂ ಮೂರೇ ಎಲೆ. ಆದರೆ ಈ ಸಣ್ಣದು ಇಲ್ಲ, ಎಲೆಯ ಅಂಚು ಹಲ್ಲಾಗಿದೆ. ಮೆಂತ್ಯ ಸೇರುವುದು ಕಡಲೆ, ಬಟಾಣಿ, ಚನ್ನಂಗಿ ಕಡೆಗೆ. ಇವೆಲ್ಲ ಚಳಿಗಾಲ ಇಷ್ಟಪಡುವ ಬಳಗ. ಇವುಗಳ ಕ್ಲೋರೋಪ್ಲಾಸ್ಟ್‌ನಲ್ಲಿ ಒಂದು ದೊಡ್ಡ ಗುರುತಿದೆ. ಬೇರೆ ಗಿಡಗಳಲ್ಲಿ ಸುಮಾರು 25,000 ಅಕ್ಷರದ ಒಂದು ಡಿಎನ್ಎ ತುಂಡು ಎರಡು ಸಲ ಇರುತ್ತದೆ. ಇವುಗಳ ಪೂರ್ವಿಕ ಗಿಡದಲ್ಲಿ ಅದರ ಒಂದು ಪ್ರತಿ ಕಳೆದುಹೋಯಿತು. ಮಕ್ಕಳು ಮೊಮ್ಮಕ್ಕಳಿಗೆಲ್ಲ ಒಂದೇ ಉಳಿಯಿತು. ಭರಮಸಾಗರದ ಕರಿನೆಲದಲ್ಲಿ ಹಿಂಗಾರಿಗೆ ಬಿತ್ತುವ ಕಡಲೆಯಿಂದ ಅಡುಗೆಮನೆಯ ಮೆಂತ್ಯದವರೆಗೆ ಈ ಗುರುತು ಒಂದೇ.

ಕಡಲೆಯ ಕಾಡು ಬಂಧು ಇವತ್ತಿಗೂ ಟರ್ಕಿಯ ಆಗ್ನೇಯ ಭಾಗದಲ್ಲಿದೆ. ತೊಗರಿಯ ಕಾಡು ಬಂಧು ನಮ್ಮ ದೇಶದಲ್ಲೇ, ಬಸ್ತರ್, ಒಡಿಶಾ ಕಡೆ. ಅಲಸಂದೆ ಆಫ್ರಿಕಾದಿಂದ ಬಂದದ್ದು. ಹೆಸರು, ಉದ್ದು ಇಲ್ಲಿನವು. ಈ ಮೂರೂ ವಿಗ್ನಾ ಕುಲ, ಅಂದರೆ ಕುಟುಂಬದೊಳಗಿನ ಒಂದು ಚಿಕ್ಕ ಬಳಗ. ಆದರೆ ಹೆಸರು, ಉದ್ದಿನ ಹಳದಿ ಹೂವಿನ ದೋಣಿ ತಿರುಚಿಕೊಂಡಿರುತ್ತದೆ, ಒಂದು ಪಕ್ಕಕ್ಕೆ ಸಣ್ಣ ಕೊಂಬು. ಅಲಸಂದೆಯಲ್ಲಿ ಆ ಕೊಂಬಿಲ್ಲ. ಶೀಟಿನ ಮೇಲೆ ಹೆಸರು, ಉದ್ದು, ಮಡಕೆ ಒಂದು ಟಿಸಿಲಿನಲ್ಲಿ, ಅಲಸಂದೆ ಪಕ್ಕದ ಟಿಸಿಲಿನಲ್ಲಿ ಬರಲಿ. ಹಳೆಯ ಕೃಷಿ ಪುಸ್ತಕದಲ್ಲಿ ಹೆಸರು, ಉದ್ದು ಫೇಸಿಯೋಲಸ್ ಅಂತಲೂ, ಅವರೆ, ಹುರುಳಿ ಎರಡೂ ಡಾಲಿಕಸ್ ಅಂತಲೂ ಇರುತ್ತವೆ. ಈಗ ಅವರೆ ಲ್ಯಾಬ್ಲಾಬ್, ಹುರುಳಿ ಮ್ಯಾಕ್ರೋಟೈಲೋಮ.

ಬೇರು ಹೇಳುವುದು

ಗಿಡ ಜಗ್ಗಿ ಕೀಳಬೇಡಿ, ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಹೂವಿಗೆ ಬರುವ ಹೊತ್ತಿಗೆ ಗುದ್ದಲಿಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ಮೆಲ್ಲಗೆ ತೊಳೆಯಿರಿ.

ಅಲಸಂದೆ, ತೊಗರಿ, ಹೆಸರಿನ ಬೇರಿನಲ್ಲಿ ಗುಂಡು ಮಣಿಯಂಥ ಗಂಟು. ಕಡಲೆಯಲ್ಲಿ ಉದ್ದುದ್ದ, ಕವಲೊಡೆದ ಗಂಟು. ಬ್ಲೇಡಿನಿಂದ ಕೊಯ್ದರೆ ಒಳಗೆ ಗುಲಾಬಿ ಕೆಂಪು ಇರಬೇಕು. ಅಂದರೆ ಒಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ. ಶೇಂಗಾದಲ್ಲಿ ಗಂಟು ಎಲ್ಲೆಂದರಲ್ಲಿ ಬರುವುದಿಲ್ಲ. ಪಕ್ಕದ ಬೇರು ಕವಲೊಡೆಯುವ ಸಂದಿಯಲ್ಲೇ ಕೂತಿರುತ್ತದೆ. ಬೀಟೆ, ಹೊನ್ನೆ ಮರದ ಬೇರಿನಲ್ಲೂ ಹಾಗೇ.

ಶೇಂಗಾ ಕೀಳುವಾಗ ಇದನ್ನು ಅವ್ವನಿಗೆ ತೋರಿಸಿ, “ಅವ್ವಾ, ಶೇಂಗಾಕ್ಕೆ ತೊಗರಿಗಿಂತ ಹೊನ್ನೆ ಮರ ಹತ್ತಿರದ ಸಂಬಂಧ” ಅಂದೆ. “ಏನು ಹೇಳ್ತೀಯವ್ವಾ, ಅದು ಅಷ್ಟೆತ್ತರದ ಮರ, ಇದು ಗೇಣುದ್ದ ಇಲ್ಲ” ಅಂದಳು. ಗಂಟು ಕೂತ ಜಾಗ ತೋರಿಸಿದೆ. ಅಕ್ಕಡಿ ಸಾಲಿನಲ್ಲಿದ್ದ ಅಲಸಂದೆಯ ಬೇರು ತೆಗೆದು ಪಕ್ಕಕ್ಕಿಟ್ಟೆ. ಅವಳು ಎರಡನ್ನೂ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. “ಹಂಗಾರೆ ಇದು ಬ್ಯಾರೆ ಮನೆತನದ್ದೇ ಸೈ” ಅಂದಳು. ಡಿಎನ್ಎ ಹೇಳುವುದೂ ಅದನ್ನೇ. ಚಳ್ಳಕೆರೆಯ ಕೆಂಪು ನೆಲದಲ್ಲಿ ಇಷ್ಟು ಚೆನ್ನಾಗಿ ಒಗ್ಗಿದ ಶೇಂಗಾ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಅರಾಕಿಸ್ ಡುರಾನೆನ್ಸಿಸ್, ಅರಾಕಿಸ್ ಐಪೆಯೆನ್ಸಿಸ್ ಅನ್ನುವ ಎರಡು ಕಾಡು ಜಾತಿಗಳು ಕೂಡಿ ಇದು ಆಯಿತು. ಅವಕ್ಕೆ ಇಪ್ಪತ್ತಿಪ್ಪತ್ತು ಕ್ರೋಮೋಸೋಮ್, ಇದಕ್ಕೆ 40. ಎರಡೂ ಕಡೆಯದು ಪೂರ್ತಿ ಬಂದಿದೆ.

ಬೇರಿನ ಪಾಠ ಬಿತ್ತನೆಗೂ ಬೇಕು. ಗಂಟಿನ ಬ್ಯಾಕ್ಟೀರಿಯಾ ಇರುವ ರೈಜೋಬಿಯಂ ಪ್ಯಾಕೆಟ್ ತರುವಾಗ ಯಾವ ಬೆಳೆಗೆ ಅಂತ ಬರೆದಿದೆಯೋ ನೋಡಿ ತನ್ನಿ. ಅಲಸಂದೆ, ಹೆಸರು, ತೊಗರಿ, ಶೇಂಗಾಗಳ ಬೇರಿಗೆ ಹೆಚ್ಚುಕಡಿಮೆ ಒಂದೇ ತರದ ಬ್ಯಾಕ್ಟೀರಿಯಾ ಒಗ್ಗುತ್ತದೆ. ಕಡಲೆ ಹಾಗಲ್ಲ. ಅದಕ್ಕೆ ಅದರದೇ ಜಾತಿಯದು ಬೇಕು. ಹಿಂದೆಂದೂ ಕಡಲೆ ಬೆಳೆಯದ ನೆಲದಲ್ಲಂತೂ ಕಡಲೆಯ ಪ್ಯಾಕೆಟ್ಟೇ ಹಾಕಿ. ಆದರೆ ಪ್ಯಾಕೆಟ್ ಒಂದೇ ಅಂತ ಶೇಂಗಾವನ್ನು ತೊಗರಿಯ ಪಕ್ಕ ಬರೆಯಬೇಡಿ. ಬ್ಯಾಕ್ಟೀರಿಯಾದ ಸ್ನೇಹ ಬೇರೆ, ರಕ್ತಸಂಬಂಧ ಬೇರೆ.

ಹುಣಸೆ, ಬಸವನಪಾದ, ತಂಗಡಿ, ಕಕ್ಕೆ ಸಸಿಗಳ ಬೇರು ತೊಳೆದರೆ ಗಂಟೇ ಸಿಗುವುದಿಲ್ಲ. ಜಾಲಿಯಲ್ಲಿ ಸಿಗುತ್ತದೆ. ಇಡೀ ಕುಟುಂಬದಲ್ಲಿ ಗಂಟು ಇರುವುದು ತೊಗರಿಯ ಗುಂಪಿನಲ್ಲಿ ಮತ್ತು ಜಾಲಿ ಇರುವ ಗುಂಪಿನಲ್ಲಿ ಮಾತ್ರ. ಅಲ್ಲೂ ಎಲ್ಲರಿಗೂ ಇಲ್ಲ. ದ್ವಿದಳ ಮರ ನೆಟ್ಟರೆ ನೆಲ ಫಲವತ್ತಾಗುತ್ತದೆ ಅಂತ ಕಣ್ಣುಮುಚ್ಚಿ ಹೇಳುವವರು ಇದನ್ನು ಗಮನಿಸಬೇಕು.

ಮುಳ್ಳಿನವುಗಳನ್ನು ಬಿಡಿಸುವುದು

ನಮ್ಮ ಸೀಮೆಯಲ್ಲಿ ಮುಳ್ಳು ಜಾಸ್ತಿ, ಗೊಂದಲವೂ ಜಾಸ್ತಿ. ಮುಳ್ಳು ಎಲ್ಲಿ ಹುಟ್ಟಿದೆ ಅಂತ ನೋಡಿ. ಕರಿಜಾಲಿಗೆ ಎಲೆಯ ಬುಡದಲ್ಲಿ ಜೋಡಿ ಮುಳ್ಳು, ನೇರ. ಹೂವು ಚೆಂಡು. ಅದರ ಕುಲ ಈಗ ವ್ಯಾಚೆಲಿಯಾ. ಕಗ್ಗಲಿಗೆ ಕೊಕ್ಕೆಯಂತೆ ಬಾಗಿದ ಮುಳ್ಳು. ಹೂವು ಉದ್ದನೆಯ ಕಡ್ಡಿಯ ಹಾಗೆ. ಅದು ಸೆನಗಾಲಿಯಾ. ಮೊದಲು ಎರಡೂ ಅಕೇಶಿಯಾ. 2005ರಲ್ಲಿ ವಿಯೆನ್ನಾದ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಆ ಕುಲದ ಹೆಸರನ್ನು ಆಸ್ಟ್ರೇಲಿಯಾದ ಗುಂಪಿಗೆ ಬಿಟ್ಟುಕೊಟ್ಟರು. 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಗಟ್ಟಿಯಾಯಿತು. ಅರಣ್ಯ ಇಲಾಖೆ ನೆಡುವ ಆಸ್ಟ್ರೇಲಿಯಾದ ಅಕೇಶಿಯಾ ಹಾಗೇ ಅಕೇಶಿಯಾ.

ಬನ್ನಿ ಅಂತ ನಮ್ಮಲ್ಲಿ ಎರಡು ಮರಕ್ಕೆ ಕರೆಯುತ್ತಾರೆ. ದಸರೆಗೆ ನಿಮ್ಮೂರಿನವರು ಪೂಜಿಸುವ ಮರ ಯಾವುದು ಅಂತ ನೀವೇ ನೋಡಿ. ಎರಡು ಎಲೆಗಳ ನಡುವಿನ ಕಡ್ಡಿಯ ಮೇಲೆ ಅಲ್ಲಲ್ಲಿ ಚದುರಿದ ಮುಳ್ಳಿದ್ದರೆ ಅದು ಪ್ರೊಸೋಪಿಸ್ ಸಿನರೇರಿಯಾ. ಎಲೆಯ ಬುಡದ ಹತ್ತಿರ ಜೋಡಿ ಮುಳ್ಳಿದ್ದರೆ ಕಗ್ಗಲಿಯ ತಮ್ಮ, ಸೆನಗಾಲಿಯಾ ಫೆರುಜಿನಿಯಾ. ಬಳ್ಳಾರಿ ಜಾಲಿಯೂ ಮೊನ್ನೆಮೊನ್ನೆವರೆಗೆ ಪ್ರೊಸೋಪಿಸ್ ಆಗಿತ್ತು. 2022ರಲ್ಲಿ ಅದನ್ನು ನೆಲ್ಟುಮಾ ಅಂತ ಬೇರೆ ಮಾಡಿದರು. ನಮ್ಮ ಬನ್ನಿ ಹಳೆಯ ಹೆಸರಿನಲ್ಲೇ ಉಳಿಯಿತು. ಅಮೆರಿಕದಿಂದ ಬಂದು ಕೆರೆಯಂಗಳವನ್ನೆಲ್ಲ ನುಂಗಿದ ಗಿಡ ಬನ್ನಿಯ ಒಡಹುಟ್ಟು ಅಲ್ಲ ಅಂತ ತಿಳಿದಾಗ ನನಗೆ ಖುಷಿಯಾಯಿತು.

ಚಿತ್ರದುರ್ಗದ ಒಣಕಾಡಿನಲ್ಲಿ ಕಮರ ಸಿಕ್ಕರೆ ಎಲೆ ಚೆನ್ನಾಗಿ ನೋಡಿ. ಎಲೆ ಜೋಡಿಯಾಗಿದ್ದು ಬಸವನಪಾದದ ಹಾಗೇ ಕಾಣುತ್ತದೆ. ಬಸವನಪಾದದಲ್ಲಿ ಎರಡು ಹೋಳು ಬುಡದಲ್ಲಿ ಕೂಡಿಕೊಂಡಿವೆ. ಕಮರದಲ್ಲಿ ಎರಡೂ ಬಿಡಿ ಎಲೆ. ಅದನ್ನು ಹುಣಸೆಯ ಪಕ್ಕ ಬರೆಯಿರಿ.

ಶೀಟಿನ ಮೇಲೆ

ಕೆಳಗೆ ಒಂದು ಬುಡ. ಅದರಿಂದ ಎರಡು ದೊಡ್ಡ ಕೊಂಬೆ. ಎಡಗಡೆಯದರಲ್ಲಿ ಬಸವನಪಾದ ಒಂದು ಕವಲು; ಹುಣಸೆ, ಕಮರ, ಅಶೋಕ ಇನ್ನೊಂದು. ಬಲಗಡೆಯದು ಮತ್ತೆ ಎರಡಾಗಲಿ. ಒಂದರಲ್ಲಿ ತಂಗಡಿ, ಕಕ್ಕೆ, ಗುಲ್‌ಮೊಹರ್, ಅದೇ ಕವಲಿನ ತುದಿಗೆ ಜಾಲಿ ಬಳಗ. ಇನ್ನೊಂದರಲ್ಲಿ ಬಾವುಟದ ಹೂವಿನವು. ಇಲ್ಲಿ ಶೇಂಗಾ, ಬೀಟೆ, ಹೊನ್ನೆ ಒಂದು ಟಿಸಿಲು. ಹಸಿರೆಲೆ ಗೊಬ್ಬರದ ಸೆಣಬು ಒಂದು. ಕಡಲೆ, ಬಟಾಣಿ, ಮೆಂತ್ಯ ಒಂದು. ಉಳಿದದ್ದು ದೊಡ್ಡ ಟಿಸಿಲು: ಹೊಂಗೆ ಬುಡದ ಕಡೆ, ತುದಿಯ ಕಡೆ ಮುತ್ತುಗ, ತೊಗರಿ, ಅವರೆ, ಹುರುಳಿ, ಹೆಸರು, ಅಲಸಂದೆ. ಮುತ್ತುಗ ಮರವಾಗಿ ಅಲ್ಲಿ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಊಟದೆಲೆ ಹಚ್ಚುವ ಆ ಮೂರೆಲೆಯ ಗೊಂಚಲನ್ನು ಲೆನ್ಸ್ ಹಿಡಿದು ನೋಡಲು ಹೇಳಿ.

ಪ್ರತಿ ಹೆಸರಿನ ಪಕ್ಕ ನೀವು ಕಣ್ಣಾರೆ ಕಂಡ ಸಾಕ್ಷಿ ಬರೆಯಿರಿ: ಮೊಗ್ಗು, ಮೂತಿ, ಮೊದಲ ಎಲೆ, ಗಂಟು. ನೋಡದೆ ಓದಿ ಸೇರಿಸಿದ್ದಕ್ಕೆ ಬೇರೆ ಬಣ್ಣ ಹಾಕಿ. ವೈಜ್ಞಾನಿಕ ಹೆಸರು ಬದಲಾಗಿದೆಯಾ ಅಂತ ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ ‘ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್’ನಲ್ಲಿ ಹುಡುಕಿ ನೋಡಬಹುದು. ಹಳೆಯ ಹೆಸರು ಹಾಕಿದರೂ ಈಗಿನ ಹೆಸರು ತೋರಿಸುತ್ತದೆ, ದುಡ್ಡು ಕೊಡಬೇಕಿಲ್ಲ. ಹಳೆಯದನ್ನು ಅಳಿಸಬೇಡಿ, ಪಕ್ಕದಲ್ಲೇ ಸಣ್ಣದಾಗಿ ಇರಲಿ. ಮನೆಯಲ್ಲಿ, ಲೈಬ್ರರಿಯಲ್ಲಿ ಇರುವ ಕೃಷಿ ಪುಸ್ತಕಗಳಲ್ಲಿ ಮಕ್ಕಳಿಗೆ ಸಿಗುವುದು ಆ ಹಳೆಯ ಹೆಸರೇ.